ಕೆಂಪು ಬ್ಯಾರನ್ ಗೊಂಬೆ: ಪೆಟ್ಟಿಗೆ ಮೇಲೆ ಬರೆದದ್ದೆಲ್ಲ ನಿಜವೇ?

ಒಂದಡಿ ಎತ್ತರದ ಗೊಂಬೆ. ಚರ್ಮದ ಕೋಟು, ಕೊರಳಲ್ಲಿ ನೀಲಿ ಪದಕ, ಹಿಂದೆ ಮೂರು ರೆಕ್ಕೆಯ ಕೆಂಪು ವಿಮಾನದ ಚಿತ್ರ. ಕೆಂಪು ವಿಮಾನದಲ್ಲೇ 80 ವಿಮಾನ ಉರುಳಿಸಿದ ವೀರ ಎಂಬ ಒಕ್ಕಣೆ. ಸಂಗ್ರಹಕಾರರು ಇಂಥದ್ದಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಕೊಳ್ಳುವ, ಇಲ್ಲವೇ ಫೋಟೊ ಫಾರ್ವರ್ಡ್ ಮಾಡುವ ಮೊದಲು ಅದು ಯಾವ ವರ್ಷದ ಮನುಷ್ಯ ಎಂದು ಕೇಳಿಕೊಳ್ಳಿ.

ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್ ಹುಟ್ಟಿದ್ದು 1892ರ ಮೇ 2ರಂದು, ಈಗ ಪೋಲೆಂಡಿನಲ್ಲಿರುವ ಅಂದಿನ ಬ್ರೆಸ್ಲೌ ಬಳಿ. ಮೊದಲ ಮಹಾಯುದ್ಧ ಶುರುವಾದಾಗ ಆತ ಜರ್ಮನಿಯ ಕುದುರೆ ಸವಾರ ಪಡೆಯಲ್ಲಿದ್ದ. ಕಂದಕಗಳ ಯುದ್ಧದಲ್ಲಿ ಕುದುರೆಗೆ ಕೆಲಸವಿಲ್ಲದಂತಾಗಿ ವಿಮಾನದ ಕಡೆ ತಿರುಗಿದ. ಮೊದಲ ಗೆಲುವು 1916ರ ಸೆಪ್ಟೆಂಬರ್ 17ರಂದು. ಜರ್ಮನಿಯ ಅತ್ಯುಚ್ಚ ಗೌರವವಾದ ನೀಲಿ ಪದಕ ಸಿಕ್ಕಿದ್ದು 1917ರ ಜನವರಿಯಲ್ಲಿ. ವಿಮಾನಕ್ಕೆ ಕೆಂಪು ಬಳಿಸಿದ್ದೂ ಸುಮಾರು ಅದೇ ಹೊತ್ತಿಗೆ. 1916 ಎಂದು ಬರೆದು ಕೊರಳಿಗೆ ನೀಲಿ ಪದಕ ಹಾಕಿದ್ದರೆ ಅಲ್ಲೇ ಒಂದು ತಪ್ಪು. ಸ್ವಸ್ತಿಕ ಕಂಡರಂತೂ ಕೆಳಗಿಟ್ಟುಬಿಡಿ. ನಾಜಿ ಪಕ್ಷ ಹುಟ್ಟುವ ಮೊದಲೇ ಆತ ಸತ್ತಿದ್ದ.

ಮೂರು ರೆಕ್ಕೆಯ ವಿಮಾನದ ಕತೆ ಇನ್ನೂ ಸೋಜಿಗದ್ದು. ಪ್ರತಿ ಗೆಲುವಿಗೂ ಆತ ಒಂದೊಂದು ಪುಟ್ಟ ಬೆಳ್ಳಿ ಬಟ್ಟಲು ಮಾಡಿಸುತ್ತಿದ್ದ. ಯುದ್ಧಕಾಲದಲ್ಲಿ ಬೆಳ್ಳಿ ಸಿಗದಂತಾಗಿ 60ಕ್ಕೆ ಅದು ನಿಂತಿತು. ಮೂರು ರೆಕ್ಕೆಯ ಫೋಕರ್‌ನಲ್ಲಿ ಆತನ ಮೊದಲ ಗೆಲುವೇ ಆ 60ನೆಯದು, 1917ರ ಸೆಪ್ಟೆಂಬರ್ 1ರಂದು. ಅಲ್ಲಿಯವರೆಗಿನ ಹೆಚ್ಚಿನವು ಎರಡು ರೆಕ್ಕೆಯ ಆಲ್ಬಟ್ರಾಸ್‌ನಲ್ಲಿ ಬಂದವು. ಬಟ್ಟಲುಗಳ ಲೆಕ್ಕ ಹೀಗೆ ಪೆಟ್ಟಿಗೆಯ ಮಾತನ್ನು ಸುಳ್ಳಾಗಿಸುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಗೊಂಬೆಯ ತಲೆ. 1917ರ ಜುಲೈ 6ರಂದು ಗುಂಡು ಆತನ ತಲೆಬುರುಡೆಗೆ ಬಡಿಯಿತು. ಸ್ವಲ್ಪ ಹೊತ್ತು ಕಣ್ಣು ಕಾಣಲಿಲ್ಲ, ಕೈಕಾಲು ಆಡಲಿಲ್ಲ. ನೆಲ ಮುಟ್ಟುವ ಮುಂಚೆ ದೃಷ್ಟಿ ಮರಳಿದ್ದರಿಂದ ಬದುಕಿದ. ಪೂರ್ತಿ ವಾಸಿಯಾಗುವ ಮೊದಲೇ ಪಡೆಗೆ ಮರಳಿದ. ಹಾರಿ ಬಂದಮೇಲೆ ತಲೆನೋವು, ವಾಕರಿಕೆ ಕಾಡುತ್ತಿದ್ದವು. ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಫೋಟೊಗಳು ಈಗಲೂ ಇವೆ. ಆ ಬೇಸಿಗೆಯ ಗೊಂಬೆ ಎಂದು ಹೇಳಿ ನುಣ್ಣನೆ ತಲೆ, ನಗುಮುಖ ಕೊಟ್ಟಿದ್ದರೆ, ಹೊಲಿಗೆ ಎಷ್ಟೇ ಚೆನ್ನಾಗಿರಲಿ, ನಾನು ಬೆಲೆ ಕಡಿಮೆಯೇ ಕಟ್ಟುತ್ತೇನೆ.

ಸಾವು 1918ರ ಏಪ್ರಿಲ್ 21ರಂದು, ಫ್ರಾನ್ಸಿನ ಸೋಮ್ ನದಿ ಬಳಿ. ವಯಸ್ಸು ಇನ್ನೂ 25. ಕೆನಡಾದ ಪೈಲಟ್ ರಾಯ್ ಬ್ರೌನ್ ಹೊಡೆದ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಒಂದೇ ಗುಂಡು ಬಲ ಕಂಕುಳಿನ ಕಡೆಯಿಂದ ಹೊಕ್ಕು ಮೇಲ್ಮುಖವಾಗಿ ಎಡ ಎದೆಯತ್ತ ಹೊರಬಂದಿತ್ತು. ಬ್ರೌನ್ ದಾಳಿ ಮಾಡಿದ್ದು ಮೇಲಿನಿಂದ, ಅದಾದಮೇಲೂ ಆತ ಹಾರುತ್ತಲೇ ಇದ್ದ. ಹಾಗಾಗಿ ನೆಲದಲ್ಲಿದ್ದ ಆಸ್ಟ್ರೇಲಿಯನ್ ಮೆಷಿನ್ ಗನ್ ಸೈನಿಕನ ಗುಂಡು ಎಂದೇ ಈಗ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ.

ಮರುದಿನ ಶತ್ರುಗಳೇ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ವಿಮಾನವನ್ನು ಮಾತ್ರ ನೆನಪಿಗೆಂದು ಸೈನಿಕರು ಚೂರುಚೂರಾಗಿ ಕಿತ್ತುಕೊಂಡು ಹೋದರು. ಅದರ ಸ್ಟಿಕ್ಕು, ಆತನ ತುಪ್ಪಳದ ಬೂಟು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಗೊಂಬೆಯ ಬೂಟನ್ನು ಅದರ ಫೋಟೊ ಪಕ್ಕ ಇಟ್ಟು ನೋಡಿ.