ಕಡಲ ದಾರಿಯಿಂದ ಬಂದ ಮಂತ್ರಿ

ನಮ್ಮ ಅಫಜಲಪುರಕ್ಕೆ ಕಡಲು ಬಹು ದೂರ. ಭೀಮೆಯ ದಂಡೆಯಲ್ಲಿ ಬೆಳೆದ ನಮಗೆ ಹಡಗು, ಬಂದರುಗಳೆಂದರೆ ಪುಸ್ತಕದ ಮಾತು. ಆದರೆ ಐದು ಶತಮಾನಗಳಿಗೂ ಹಿಂದೆ ಈ ಸೀಮೆಯನ್ನಾಳಿದ ಬಹಮನಿ ರಾಜ್ಯದ ಬಲವು ಕೊಂಕಣದ ಬಂದರುಗಳನ್ನು ಬಹುಮಟ್ಟಿಗೆ ನೆಚ್ಚಿಕೊಂಡಿತ್ತು. ಇದನ್ನು ಚೆನ್ನಾಗಿ ಅರಿತಿದ್ದವನು ಮಹಮೂದ್ ಗವಾನ್.

ಆತನು ಇರಾನಿನ ಗಿಲಾನ್ ಪ್ರಾಂತದವನು. ಉನ್ನತ ಮನೆತನದಲ್ಲಿ ಹುಟ್ಟಿದರೂ ಆಸ್ಥಾನದ ಒಳಜಗಳಗಳ ದೆಸೆಯಿಂದ ತಾಯ್ನಾಡನ್ನು ತೊರೆದು ವ್ಯಾಪಾರಕ್ಕಿಳಿದನು. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಸುಲ್ತಾನನು ಆತನ ಯೋಗ್ಯತೆಯನ್ನು ಕಂಡು ತನ್ನಲ್ಲಿಯೇ ಉಳಿಸಿಕೊಂಡನು. ಮುಂದೆ ಮೂರನೆಯ ಮಹಮ್ಮದ ಶಹನ ಕಾಲದಲ್ಲಿ ಆತನೇ ಪ್ರಧಾನ ಮಂತ್ರಿಯಾದನು.

ಆ ಕಾಲದ ಸೇನೆಗೆ ಕುದುರೆಯೇ ಜೀವಾಳ. ಉತ್ತಮ ಕುದುರೆಗಳು ಅರಬಸ್ತಾನ, ಇರಾನ್‌ಗಳಿಂದ ಹಡಗೇರಿ ಗೋವೆ, ದಾಭೋಳ, ಚೌಲಗಳಿಗೆ ಬರುತ್ತಿದ್ದವು. ಬಂದರು ಯಾರದೋ ಕುದುರೆಯೂ ಸುಂಕವೂ ಅವರದು. ಆಗ ಬೀದರಿಗೆ ಬಂದಿದ್ದ ರಷ್ಯದ ವರ್ತಕ ನಿಕಿತಿನನು ತಾನೂ ಒಂದು ಕುದುರೆಯನ್ನು ಹಡಗಿನಲ್ಲಿ ತಂದಿದ್ದನು. ಸಾವಿರಾರು ಕುದುರೆಗಳು ಮಾರಾಟಕ್ಕೆ ಸೇರುತ್ತಿದ್ದ ಒಂದು ಜಾತ್ರೆಯನ್ನು ಆತನು ವರ್ಣಿಸಿದ್ದಾನೆ. ಅದು ನಮ್ಮ ನೆರೆಯ ಆಳಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಡಲ ಸಂತೆ ನಮ್ಮ ಮನೆಯ ಬಾಗಿಲಿಗೇ ಬಂದಿತ್ತೆನ್ನಬೇಕು!

ಆದರೆ ಕೊಂಕಣದ ಕೆಲವು ಪಾಳೆಯಗಾರರು ವರ್ತಕರ ಮತ್ತು ಹಜ್ ಯಾತ್ರಿಕರ ಹಡಗುಗಳನ್ನು ದೋಚುತ್ತಿದ್ದರು. ಗವಾನನು 1469ರಲ್ಲಿ ದಂಡೆತ್ತಿ ಹೋಗಿ, ಮಳೆ, ಕಾಡು, ಕಣಿವೆಗಳೊಡನೆ ಹೋರಾಡಿ ಅವರ ಕೋಟೆಗಳನ್ನು ಗೆದ್ದನು. 1472ರಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವೆಯನ್ನು ವಶಪಡಿಸಿಕೊಂಡನು. ಅದೇ ವರ್ಷ ಬೀದರಿನಲ್ಲಿ ಆತನ ಪ್ರಸಿದ್ಧ ಮದರಸವೂ ಪೂರ್ಣವಾಯಿತು.

ಇಷ್ಟು ಅಧಿಕಾರವಿದ್ದರೂ ಬೊಕ್ಕಸದ ಹಣವನ್ನು ಆತನು ತನ್ನ ಅಡಿಗೆಮನೆಗೆ ತರಲಿಲ್ಲ. ಊರಿನಿಂದ ತಂದಿದ್ದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಿಂದಲೇ ಸರಳವಾಗಿ ಬಾಳಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ.

ಗವಾನನು ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಅಧಿಕಾರಿಗಳ ಬಲವನ್ನು ಕುಗ್ಗಿಸಿದನು. ಅದರಿಂದ ಹಗೆಗಳು ಹೆಚ್ಚಿದರು. ಅವರು ಖಾಲಿ ಕಾಗದಕ್ಕೆ ಆತನ ಮುದ್ರೆಯನ್ನೊತ್ತಿಸಿಕೊಂಡು, ಒರಿಸ್ಸದ ಅರಸನಿಗೆ ಬರೆದಂತೆ ರಾಜದ್ರೋಹದ ಪತ್ರವನ್ನು ಸೃಷ್ಟಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಿಸದೆ ಮರಣದಂಡನೆ ವಿಧಿಸಿದನು. 1481ರ ಏಪ್ರಿಲಿನಲ್ಲಿ ಆ ವೃದ್ಧನ ತಲೆ ಉರುಳಿತು. ಸತ್ಯ ತಿಳಿದ ಮೇಲೆ ಸುಲ್ತಾನನು ಮರುಗಿದನು. ಮರುವರ್ಷವೇ ಆತನೂ ತೀರಿಕೊಂಡನು.

ರಾಜ್ಯ ಒಡೆದು ಹೋಳಾಯಿತು. ಗೋವೆ ಬಿಜಾಪುರದ ಪಾಲಿಗೆ ಬಂದು, 1510ರಲ್ಲಿ ಪೋರ್ಚುಗೀಸರ ವಶವಾಯಿತು. ಗವಾನನು ಕಷ್ಟಪಟ್ಟು ತೆರೆದ ಕಡಲ ಬಾಗಿಲ ಬೀಗದ ಕೈ ಪರರ ಕೈ ಸೇರಿತು. ಶತ್ರುವಿನ ಕತ್ತಿ ಮಾಡದ ಹಾನಿಯನ್ನು ಒಂದು ಸುಳ್ಳು ಕಾಗದ ಮಾಡಿತು. ಬೀದರಿನ ಮದರಸದ ಉಳಿದ ಒಂದು ಮಿನಾರನ್ನು ನೋಡುವಾಗ ನಾವು ಇದನ್ನು ನೆನೆಯಬೇಕು.