ಎಂಜಿನ್ ನಾಡಿ ಹಿಡಿದ ಕೆಟರಿಂಗ್

ಹಳೆಯ ಪಿಕಪ್ ವಾಹನವೊಂದು ಮುಂಜಾನೆ ಚಾಲೂ ಮಾಡಿದೊಡನೆ ಗಡಗಡ ನಡುಗಿ ಮಿಸ್ಸಿಂಗ್ ಹೊಡೆಯತೊಡಗಿದರೆ ಅನುಭವಿ ಮೆಕ್ಯಾನಿಕ್ ಮೊದಲು ನೋಡುವುದು ಕಿಡಿಯನ್ನು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ಸುಟ್ಟಿದೆಯೇ, ಅದರ ಅಂತರ ಸರಿಯಿದೆಯೇ, ಕಂಡೆನ್ಸರ್ ಕೆಟ್ಟಿದೆಯೇ ಎಂದು ಪರೀಕ್ಷಿಸಿದ ಬಳಿಕವೇ ಆತ ಇಂಧನ ಮತ್ತು ಗಾಳಿಯತ್ತ ಗಮನ ಹರಿಸುತ್ತಾನೆ. ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್‌ಗಳ ಈ ಏರ್ಪಾಡನ್ನು ಕಾರುಗಳಲ್ಲಿ ನೆಲೆಗೊಳಿಸಿದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್. ಎಂಜಿನ್ನಿನ ರೋಗವೊಂದನ್ನು ನಿಖರವಾಗಿ ಗುರುತಿಸಿ, ಅದಕ್ಕೆ ಜಗತ್ತಿಗೇ ವಿಷವಾದ ಮದ್ದನ್ನು ನೀಡಿದವರೂ ಅವರೇ.

ಓಹಿಯೋ ರಾಜ್ಯದ ಲೌಡನ್‌ವಿಲ್ ಬಳಿಯ ರೈತ ಕುಟುಂಬದಲ್ಲಿ 1876ರ ಆಗಸ್ಟ್ 29ರಂದು ಕೆಟರಿಂಗ್ ಜನಿಸಿದರು. ಬಾಲ್ಯದಿಂದಲೂ ದೃಷ್ಟಿದೋಷ ಬಾಧಿಸುತ್ತಿತ್ತು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದ ಅವರು, ಕಣ್ಣಿನ ತೊಂದರೆಯಿಂದ ವ್ಯಾಸಂಗ ಮೊಟಕಾದರೂ ಛಲ ಬಿಡದೆ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಬಳಿಕ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಸೇರಿ, ಹಣದ ಲೆಕ್ಕದ ಯಂತ್ರಕ್ಕೆ ಪುಟ್ಟ ವಿದ್ಯುತ್ ಮೋಟಾರು ಅಳವಡಿಸಿದರು.

ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದಿನ ಕಣಜದ ಕೊಟ್ಟಿಗೆಯೇ ಕೆಟರಿಂಗ್ ಅವರ ಪ್ರಯೋಗಶಾಲೆಯಾಯಿತು. 1909ರಲ್ಲಿ ಇಬ್ಬರೂ ಸೇರಿ ಡೆಲ್ಕೊ ಸಂಸ್ಥೆ ಸ್ಥಾಪಿಸಿದರು. ಕ್ಯಾಡಿಲಾಕ್ ಕಾರುಗಳಿಗೆ ಬ್ಯಾಟರಿ ಇಗ್ನಿಷನ್ ಸಿದ್ಧವಾಯಿತು. ಆಗ ಎಂಜಿನ್ ಚಾಲೂ ಮಾಡಲು ಮುಂಭಾಗದ ಹ್ಯಾಂಡಲನ್ನು ಕೈಯಿಂದ ತಿರುವಬೇಕಿತ್ತು. ಅದು ಹಿಮ್ಮುಖವಾಗಿ ಒದ್ದರೆ ಕೈ ಮುರಿಯುತ್ತಿತ್ತು. ಎಂಜಿನ್ ತಿರುವಲು ಭಾರೀ ಮೋಟಾರೇ ಬೇಕು ಎಂಬುದು ಅಂದಿನ ತಜ್ಞರ ನಂಬಿಕೆ. ಮೋಟಾರು ದಿನವಿಡೀ ದುಡಿಯಬೇಕಿಲ್ಲ, ಕೆಲವೇ ಕ್ಷಣ ದುಡಿದರೆ ಸಾಕು ಎಂಬುದನ್ನು ಕೆಟರಿಂಗ್ ಹಣದ ಯಂತ್ರದಿಂದಲೇ ಕಲಿತಿದ್ದರು. ಅವರ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಮಾದರಿಯೊಂದಿಗೆ ಮಾರುಕಟ್ಟೆಗೆ ಬಂತು. ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬುತ್ತಿತ್ತು.

ಆದರೆ ಹೊಸದೊಂದು ದೂರು ಎದುರಾಯಿತು. ಏರು ಹತ್ತುವಾಗ ಎಂಜಿನ್ ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದಾಗುತ್ತಿತ್ತು. ಇದಕ್ಕೆ ಬ್ಯಾಟರಿ ಇಗ್ನಿಷನ್ನೇ ಕಾರಣವೆಂದು ಟೀಕಾಕಾರರು ದೂರಿದರು. ಕೆಟರಿಂಗ್ ಆರೋಪವನ್ನು ಒಪ್ಪಲೂ ಇಲ್ಲ, ಸುಮ್ಮನೆ ತಳ್ಳಿಹಾಕಲೂ ಇಲ್ಲ. ಪರಿಶೀಲನೆಯ ಹೊಣೆಯನ್ನು 1916ರಲ್ಲಿ ತಮ್ಮ ಬಳಿಗೆ ಬಂದ ಯುವ ಎಂಜಿನಿಯರ್ ಥಾಮಸ್ ಮಿಜ್ಲಿ ಅವರಿಗೆ ವಹಿಸಿದರು. ಸಿಲಿಂಡರ್ ಒಳಗಿನ ಒತ್ತಡವನ್ನು ಅಳೆದಾಗ, ಕಿಡಿ ಹತ್ತಿದ ನಂತರ ಒತ್ತಡ ಒಮ್ಮೆಲೇ ಏರುವುದು ಕಂಡುಬಂತು. ದೋಷ ಕಿಡಿಯದಲ್ಲ, ಇಂಧನದ್ದು ಎಂಬುದು ಸಾಬೀತಾಯಿತು. ಬಣ್ಣ ಬೆರೆಸಿದರೆ ಬಡಿತ ತಗ್ಗೀತು ಎಂಬ ಊಹೆಯಿಂದ ಅಯೋಡಿನ್ ಬೆರೆಸಿ ನೋಡಿದಾಗ ಗುಣ ಕಂಡಿತು. ಬೇರೆ ಬಣ್ಣಗಳು ವಿಫಲವಾದವು. ಊಹೆ ತಪ್ಪಾಗಿತ್ತು, ಹಾದಿ ಮಾತ್ರ ತೆರೆದಿತ್ತು.

ಹಲವಾರು ರಾಸಾಯನಿಕಗಳ ಪರೀಕ್ಷೆಯ ಬಳಿಕ 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಸೀಸ ದೊರಕಿತು. ಆಲ್ಕೊಹಾಲ್ ಬೆರೆಸಿದರೂ ಬಡಿತ ತಗ್ಗುವುದು ತಂಡಕ್ಕೆ ತಿಳಿದಿತ್ತು. ಆದರೆ ಸೀಸ ಅತ್ಯಲ್ಪ ಪ್ರಮಾಣದಲ್ಲೇ ಸಾಕಾಗುತ್ತಿತ್ತು, ಲಾಭವೂ ಅದರಲ್ಲೇ ಇತ್ತು. ಸೀಸವು ವಿಷವೆಂಬುದು ಆ ಕಾಲಕ್ಕೂ ಹೊಸ ಸಂಗತಿಯಲ್ಲ. 1923ರಲ್ಲಿ ಮಾರಾಟ ಆರಂಭವಾದಾಗ ಸೀಸದ ಹೆಸರನ್ನು ಬಿಟ್ಟು ಈಥೈಲ್ ಎಂದಷ್ಟೇ ಕರೆಯಲಾಯಿತು. ಮರುವರ್ಷ ನ್ಯೂಜೆರ್ಸಿಯ ಸಂಸ್ಕರಣಾಗಾರದಲ್ಲಿ ಐವರು ಕಾರ್ಮಿಕರು ಈ ವಿಷಕ್ಕೆ ಬಲಿಯಾದರು. 1925ರಲ್ಲಿ ಸ್ಥಗಿತಗೊಂಡ ಮಾರಾಟ 1926ರಲ್ಲಿ ಪುನರಾರಂಭವಾಯಿತು. ಈಥೈಲ್ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದವರು ಸ್ವತಃ ಕೆಟರಿಂಗ್.

ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗವನ್ನು ಅವರು 1947ರವರೆಗೆ ಮುನ್ನಡೆಸಿದರು. ರೈಲುಗಳಿಗೆ ಹಗುರವಾದ ಡೀಸೆಲ್ ಎಂಜಿನ್ ಒದಗಿಸಿದ್ದು ಆ ಅವಧಿಯ ಪ್ರಮುಖ ಸಾಧನೆ. ನ್ಯೂಯಾರ್ಕಿನಲ್ಲಿ 1945ರಲ್ಲಿ ಸ್ಥಾಪನೆಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಲ್‌ಫ್ರೆಡ್ ಸ್ಲೋನ್ ಅವರ ಹೆಸರಿನೊಂದಿಗೆ ಕೆಟರಿಂಗ್ ಹೆಸರನ್ನೂ ಹೊತ್ತಿದೆ. 180ಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಪಡೆದಿದ್ದ ಅವರು 1958ರ ನವೆಂಬರ್ 25ರಂದು ನಿಧನರಾದರು.

ಸೀಸದ ಹೊಗೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ ಎಂಬುದು ಅವರ ನಿಧನಾನಂತರದ ಸಂಶೋಧನೆಗಳಿಂದ ದೃಢಪಟ್ಟಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ 2000ದಲ್ಲಿ ಕೊನೆಗೊಂಡಿತು. ಕಟ್ಟಕಡೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ ಅದು ನಿಂತಿತು. ದೂರಿಗೆ ಒಳಗಾದ ಭಾಗವನ್ನೇ ದೂಷಿಸದೆ ಮೂಲ ಕಾರಣ ಹುಡುಕಬೇಕೆಂಬ ಕೆಟರಿಂಗ್ ಅವರ ಕ್ರಮ ಇಂದಿಗೂ ಗ್ಯಾರೇಜುಗಳ ಪಾಠ. ಅವರು ಆರಿಸಿದ ಮದ್ದಿನ ಬೆಲೆಯನ್ನು ಮಾತ್ರ ಸುಮಾರು ನೂರು ವರ್ಷಗಳ ಕಾಲ ಜಗತ್ತು ತೆರಬೇಕಾಯಿತು.