ಗೆರೆಯಿಂದ ಮತ್ತೆ ಮತ್ತೆ ಆರಂಭಿಸಿದ ಹೆಬ್ಬಾರರು

ದೋಹಾದ ಎಜುಕೇಷನ್ ಸಿಟಿಯ ಕಡೆಗೆ ಹೋಗುವವರಿಗೆ ಸಿದ್ರಾ ಆಸ್ಪತ್ರೆಯ ಮುಂದೆ ಸಾಲಾಗಿ ನಿಂತ 14 ಕಂಚಿನ ಶಿಲ್ಪಗಳು ಕಾಣಿಸುತ್ತವೆ. ಬ್ರಿಟನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್ ಅವರು ಮಾಡಿದ ಈ ಶಿಲ್ಪಗಳಲ್ಲಿ ಗರ್ಭಾಂಕುರದಿಂದ ಜನನದವರೆಗಿನ ಎಲ್ಲ ಘಟ್ಟಗಳೂ ಇವೆ. ಕೊನೆಯದು 14 ಮೀಟರ್ ಎತ್ತರದ ನವಜಾತ ಶಿಶು. ಕಳೆದ ಚಳಿಗಾಲದ ಒಂದು ಶುಕ್ರವಾರ ಸಂಜೆ ಉಡುಪಿ ಕಡೆಯ ಗೆಳೆಯರೊಬ್ಬರ ಕಾರಿನಲ್ಲಿ ಅದರ ಮುಂದೆ ಹಾದುಹೋಗುವಾಗ ಅವರು ವೇಗ ತಗ್ಗಿಸಿ, ಹಿಂದಿನ ಆಸನದಲ್ಲಿದ್ದ ಮಗಳ ವಿಷಯವನ್ನು ಎತ್ತಿದರು. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ಆ ಹುಡುಗಿ ತನಗೆ ಲಲಿತಕಲೆಯ ಪದವಿ ಬೇಕೆಂದು ಹಟ ಹಿಡಿದಿದ್ದಳು. ಕಲೆಯನ್ನು ತಂದೆ ಹೇಗೋ ಒಪ್ಪಿಕೊಳ್ಳುತ್ತಿದ್ದರೇನೋ. ಅವರಿಗೆ ಅರ್ಥವಾಗದಿದ್ದುದು ಮೊದಲ ವರ್ಷ. ಒಂದು ಇಡೀ ವರ್ಷ ಚಿತ್ರಕಲೆಯೂ ಅಲ್ಲ, ಶಿಲ್ಪವೂ ಅಲ್ಲ, ವಿನ್ಯಾಸವೂ ಅಲ್ಲ. ಫೌಂಡೇಷನ್ ಎಂಬ ಹೆಸರಿನಲ್ಲಿ ಗೆರೆ ಎಳೆಯುವುದಕ್ಕೆ ಇಷ್ಟು ಶುಲ್ಕವೇಕೆ ಎಂಬುದು ಅವರ ಪ್ರಶ್ನೆ.

ಊರಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಕಲಾ ಶಾಲೆಯೊಂದು 1998ರಿಂದ ಕತಾರಿನಲ್ಲಿದೆ. ಅಲ್ಲಿನ ಲಲಿತಕಲಾ ಪದವಿಗೆ ಸೇರಿದವರು ಮೊದಲ ವರ್ಷ ಒಟ್ಟಾಗಿ ಕುಳಿತು ರೇಖೆ, ಮೇಲ್ಮೈ, ಅವಕಾಶ, ಕಾಲ ಎಂಬ ಮೂಲ ಸಂಗತಿಗಳ ಮೇಲೆ ಕೆಲಸ ಮಾಡುತ್ತಾರೆ. ಚಿತ್ರಕಲೆ ಮತ್ತು ಮುದ್ರಣಕಲೆ, ಗ್ರಾಫಿಕ್ ವಿನ್ಯಾಸ, ಒಳಾಂಗಣ ವಿನ್ಯಾಸ, ಉಡುಪು ವಿನ್ಯಾಸ ಎಂಬ ಕವಲುಗಳು ಆಮೇಲೆ. ನಮ್ಮ ಬೆಂಗಳೂರು, ಮೈಸೂರುಗಳ ದೃಶ್ಯಕಲಾ ಪದವಿಯಲ್ಲಿಯೂ ಆರಂಭದಲ್ಲಿ ಇಂಥದೇ ಸಾಮಾನ್ಯ ಶಿಕ್ಷಣವಿದೆ. ಇಂಗ್ಲೆಂಡಿನಲ್ಲಿ ಮೂರು ವರ್ಷದ ಪದವಿಗೆ ಮೊದಲು ಫೌಂಡೇಷನ್ನನ್ನು ಬೇರೆಯೇ ಒಂದು ವರ್ಷವಾಗಿ ಮುಗಿಸಿ ಬರುವ ಪದ್ಧತಿಯುಂಟು.

ಆ ಸಂಜೆ ನಾನು ಗೆಳೆಯರ ಪಕ್ಷವನ್ನೇ ವಹಿಸಿದೆ. ಆ ಹುಡುಗಿಗೆ ಕೈ ಚೆನ್ನಾಗಿ ಕೂಡಿಬಂದಿದೆ, ಮೊದಲಿನಿಂದ ಗೆರೆ ಕಲಿಯುವ ಅಗತ್ಯ ಅವಳಿಗೇನಿದೆ ಎಂದುಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಮನೆಗೆ ಬಂದ ಮೇಲೆ ನನಗೆ ಸಮಾಧಾನವಿರಲಿಲ್ಲ. ಮಣಿಪಾಲದಲ್ಲಿ ಎಂದೋ ನೋಡಿದ್ದ ಕೆ.ಕೆ. ಹೆಬ್ಬಾರರ ಚಿತ್ರಗಳು ನೆನಪಾದವು. ಅವರ ಬಾಳನ್ನು ಬಲ್ಲವನು ಅಂಥ ಮಾತನ್ನು ಆಡಬಾರದಿತ್ತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ. ಸ್ಥಿತಿವಂತರ ಮನೆಯಲ್ಲ. ತಂದೆಯವರು ಚೌತಿಯ ಕಾಲಕ್ಕೆ ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದರು. ಹಸಿಮಣ್ಣು ಸೊಂಡಿಲಾಗಿ, ಹೊಟ್ಟೆಯಾಗಿ ಮಾರ್ಪಡುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಆಕಾರದ ಮೊದಲ ಪಾಠ ಅಂಗಳದಲ್ಲಿಯೇ ಆಯಿತೆನ್ನಬೇಕು. ಅದರ ಮೇಲೆ ತುಳುನಾಡಿನ ಇರುಳುಗಳು: ಯಕ್ಷಗಾನದ ಕಿರೀಟ, ಭೂತದ ಅಣಿ, ನಾಗಮಂಡಲದ ಬಣ್ಣದ ಹುಡಿಯ ಸುರುಳಿಗಳು, ಕೋಳಿ ಅಂಕದ ಗದ್ದಲ. ಇವೆಲ್ಲ ಮುಂದೆ ಅವರ ಕ್ಯಾನ್ವಾಸಿನ ಮೇಲೆ ಬಂದವು. ಆದರೆ ಬಂದದ್ದು ಬಹಳ ತಡವಾಗಿ.

ಕಲೆಯನ್ನು ಕ್ರಮವಾಗಿ ಕಲಿಯಬೇಕೆಂದು ಅವರು ಮೊದಲು ಹೋದದ್ದು ಮೈಸೂರಿಗೆ, ಅಲ್ಲಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ. ಇಂದು ಕಾವಾ ಎಂದು ಹೆಸರಾದ ದೃಶ್ಯಕಲಾ ಅಕಾಡೆಮಿ ಆ ಸಂಸ್ಥೆಯ ಪರಂಪರೆಯದೇ. ಹೆಬ್ಬಾರರು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1930ರ ದಶಕದ ಆರಂಭದಲ್ಲಿ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮುಂಬಯಿಗೆ ಹೊರಟರು. ದಕ್ಷಿಣ ಕನ್ನಡದ ಸಾವಿರಾರು ತರುಣರು ಹೋಟೆಲಿನ ಕೆಲಸಕ್ಕೆಂದು, ಗುಮಾಸ್ತಿಕೆಗೆಂದು ಹೋಗುತ್ತಿದ್ದ ಮುಂಬಯಿ ಅದು. ಇಂದು ನಮ್ಮವರಿಗೆ ಕೊಲ್ಲಿಯ ನಾಡು ಹೇಗೋ, ಅಂದಿನವರಿಗೆ ಮುಂಬಯಿ ಹಾಗೆ. ಹೋದವರು ಹಣ ಕಳುಹಿಸಬೇಕೆಂಬ ನಿರೀಕ್ಷೆ ಬೆನ್ನಿಗಂಟಿಕೊಂಡೇ ಹೋಗುತ್ತಿತ್ತು. ಅಂಥ ಊರಿಗೆ ಚಿತ್ರ ಕಲಿಯಲು ಹೋಗುವುದೆಂದರೆ ಮನೆಯವರಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ವಿದೇಶಕ್ಕೆ ಮಕ್ಕಳನ್ನು ಕಳುಹಿಸಿದ ಹಿರಿಯರು ಊಹಿಸಬಲ್ಲರು.

ಮುಂಬಯಿಯಲ್ಲಿ ಅವರಿಗೆ ಒದಗಿದವರು ಮತ್ತೊಬ್ಬ ಕನ್ನಡಿಗರು, ಜಿ.ಎಸ್. ದಂಡಾವತಿಮಠ. ಅವರು ನಡೆಸುತ್ತಿದ್ದ ನೂತನ ಕಲಾಮಂದಿರವೆಂಬ ಖಾಸಗಿ ಶಾಲೆಯಲ್ಲಿ ಹೆಬ್ಬಾರರು ಮತ್ತೆ ಮೊದಲಿನಿಂದ ಆರಂಭಿಸಿದರು. ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಚಿತ್ರಕಲೆಗೆ ಸರ್ಕಾರಿ ಪರೀಕ್ಷೆಗಳಿದ್ದವು. ಹೊರಗಿನಿಂದ ಬಂದ ಬಡ ವಿದ್ಯಾರ್ಥಿಗಳು ಇಂಥ ಶಾಲೆಗಳಲ್ಲಿ ತಯಾರಾಗಿ ದೊಡ್ಡ ಕಲಾಶಾಲೆಯ ಕಡೆಗೆ ಸಾಗುತ್ತಿದ್ದರು. ಹೆಬ್ಬಾರರ ಪಾಲಿನ ಫೌಂಡೇಷನ್ ಅದೇ ಎಂದು ನಾನು ತಿಳಿಯುತ್ತೇನೆ.

ಆ ದೊಡ್ಡ ಶಾಲೆಯೆಂದರೆ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಪಾರಸಿ ದಾನಿ ಜಮ್ಶೆಟ್ಜಿ ಜೀಜೀಭಾಯ್ ಅವರ ಕೊಡುಗೆಯಿಂದ 1857ರಲ್ಲಿ ಆರಂಭವಾದುದು. ಅಲ್ಲಿನ ಶಿಕ್ಷಣದ ಬೆನ್ನೆಲುಬು ಯೂರೋಪಿನ ಅಕಾಡೆಮಿಗಳ ಕ್ರಮ. ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನು ಎದುರಿಗಿರಿಸಿಕೊಂಡು ಬೆಳಕು ನೆರಳುಗಳನ್ನು ಅಳೆದು ಬರೆಯಬೇಕು. ಬಳಿಕ ಹೂಜಿ, ಹಣ್ಣು, ಬಟ್ಟೆ. ಅದಾದ ಮೇಲೆ ಜೀವಂತ ಮನುಷ್ಯನ ಮೈ. ಅಂಗರಚನಾಶಾಸ್ತ್ರವನ್ನು ನಾನು ಕಲಿತದ್ದೂ ಹೆಚ್ಚುಕಡಿಮೆ ಇದೇ ರೀತಿ. ನಮ್ಮ ಕಾಲದಲ್ಲಿ ಎಂಬಿಬಿಎಸ್‌ನ ಮೊದಲ ಘಟ್ಟ ಒಂದೂವರೆ ವರ್ಷದ್ದು. ರೋಗಿಯ ಹಾಸಿಗೆಯ ಬಳಿಗೆ ಹೋಗುವ ಮುನ್ನ ಮೂಳೆಯನ್ನು ಕೈಯಲ್ಲಿ ಹಿಡಿದು, ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ ಎಂದು ಬರೆದು ಬರೆದು ಬೆರಳು ಸವೆಸುತ್ತಿದ್ದೆವು. ಅದನ್ನು ಯಾರೂ ವ್ಯರ್ಥವಾದ ಕಾಲವೆಂದು ಕರೆಯಲಿಲ್ಲ. ಗೆಳೆಯರ ಕಾರಿನಲ್ಲಿ ನಾನು ಇದನ್ನು ಮರೆತದ್ದು ಹೇಗೆ?

ಹೆಬ್ಬಾರರು ಜೆ.ಜೆ.ಯಲ್ಲಿ ಓದಿ 1938ರಲ್ಲಿ ಚಿತ್ರಕಲೆಯ ಡಿಪ್ಲೊಮಾ ಪಡೆದರು. ಆಗ ವಯಸ್ಸು 27. ಮುಂದೆ 1940ರ ದಶಕದ ಮೊದಲ ಭಾಗದಲ್ಲಿ ಅದೇ ಶಾಲೆಯಲ್ಲಿ ಅಧ್ಯಾಪಕರೂ ಆದರು. ಹಳ್ಳಿಯಿಂದ ಬಂದ ಹುಡುಗನಿಗೆ ಮುಂಬಯಿಯಲ್ಲಿ ಗೌರವದ ಸ್ಥಾನ. ನಮ್ಮ ಸಂಸಾರಗಳ ಲೆಕ್ಕದಲ್ಲಿ ಕಥೆ ಇಲ್ಲಿಗೆ ಮುಗಿಯಬೇಕು: ಓದು ಆಯಿತು, ಕೆಲಸ ಆಯಿತು, ಇನ್ನು ಮನೆ ಕಟ್ಟಬಹುದು.

ಆದರೆ ಅವರಿಗೆ ತಮ್ಮ ಕೈಯ ಮೇಲೆಯೇ ಅತೃಪ್ತಿ ಹುಟ್ಟಿತು. ಶಾಲೆಯಲ್ಲಿ ಕಲಿತ ವಿದ್ಯೆ ಎದುರಿಗಿದ್ದುದನ್ನು ಇದ್ದ ಹಾಗೆ ಬರೆಯಲು ಕಲಿಸಿತ್ತು. ತಾನು ಕಂಡ ಊರು, ತೆಂಗಿನ ನೆರಳು, ಹೊಲದ ಹೆಂಗಸರು ಆ ವಿದ್ಯೆಯೊಳಗೆ ಹಿಡಿಸುತ್ತಿರಲಿಲ್ಲ. ಅವರು ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ, ರಜಪೂತ ಮತ್ತು ಮೊಗಲ್ ಕಿರುಚಿತ್ರಗಳನ್ನೂ, ಅಜಂತೆಯನ್ನೂ ಅಭ್ಯಾಸ ಮಾಡಿದರು. ಕೇರಳದಲ್ಲಿ ಸುತ್ತಾಡಿದರು. ಪ್ಯಾರಿಸಿನಲ್ಲಿ ಓದಿ ಭಾರತಕ್ಕೆ ಮರಳಿ ಇಲ್ಲಿನ ಹಳ್ಳಿಯ ಜನರನ್ನು ಚಿತ್ರಿಸಿದ ಅಮೃತಾ ಶೇರ್‌ಗಿಲ್ ಅವರ ಪ್ರಭಾವ, ಅವರ ಹಿಂದೆ ಇದ್ದ ಫ್ರೆಂಚ್ ಚಿತ್ರಕಾರ ಗೊಗಾನರ ಪ್ರಭಾವ, ಹೆಬ್ಬಾರರ ಆ ಕಾಲದ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಬೆಳಕು ನೆರಳಿನ ಲೆಕ್ಕಾಚಾರ ಹಿಂದೆ ಸರಿಯಿತು. ಚಪ್ಪಟೆಯಾದ ಗಾಢ ಬಣ್ಣವೂ ಅದನ್ನು ಸುತ್ತುವ ಗೆರೆಯೂ ಮುಂದೆ ಬಂದವು. ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ಕಷ್ಟ. ವೈದ್ಯರಲ್ಲಿ ಅನೇಕರಿಗೆ ಅದು ನಿವೃತ್ತಿಯವರೆಗೂ ಆಗುವುದಿಲ್ಲ, ನನ್ನನ್ನೂ ಸೇರಿಸಿ.

1949ರಲ್ಲಿ ಅವರು ಯೂರೋಪಿಗೆ ಹೊರಟರು. ವಯಸ್ಸು 38, ಮನೆಯಲ್ಲಿ ಚಿಕ್ಕ ಮಗಳಿದ್ದಳು, ಮುಂಬಯಿಯಲ್ಲಿ ಹೆಸರಿತ್ತು. ಪ್ಯಾರಿಸಿನಲ್ಲಿ ಅವರು ಸೇರಿದ್ದು ಅಕಾಡೆಮಿ ಜೂಲಿಯನ್ ಎಂಬ ಖಾಸಗಿ ಕಲಾಶಾಲೆಗೆ. 1868ರಲ್ಲಿ ಆರಂಭವಾದ ಆ ಶಾಲೆ ದೂರದೇಶಗಳಿಂದ ಬಂದವರಿಗೆ ಬಾಗಿಲು ತೆರೆದುದಕ್ಕೆ ಹೆಸರಾಗಿತ್ತು. ಮಾಟಿಸ್ ಕೂಡ ತಾರುಣ್ಯದಲ್ಲಿ ಅಲ್ಲಿ ಕಲಿತವರು. ತಾವು ಅಧ್ಯಾಪಕರಾಗಿದ್ದ ವಿದ್ಯೆಯಲ್ಲಿ ಹೆಬ್ಬಾರರು ಪುನಃ ವಿದ್ಯಾರ್ಥಿಯ ಪೀಠದಲ್ಲಿ ಕುಳಿತರು. ಎಂಡಿ ಮುಗಿಸಿ ಪರದೇಶಕ್ಕೆ ಬಂದು, ಅಲ್ಲಿನ ಪರವಾನಗಿಗಾಗಿ ತನಗಿಂತ ಕಿರಿಯರ ನಡುವೆ ಮತ್ತೆ ಪರೀಕ್ಷೆ ಬರೆದ ಯಾವ ವೈದ್ಯನಿಗೂ ಆ ಪೀಠದ ಗಡಸುತನ ಗೊತ್ತು. ವ್ಯತ್ಯಾಸವಿಷ್ಟೆ: ನಮ್ಮನ್ನು ನಿಯಮ ಕೂರಿಸಿತು, ಅವರು ತಾವಾಗಿಯೇ ಕುಳಿತರು.

ಅಷ್ಟಕ್ಕೂ ನಿಲ್ಲಲಿಲ್ಲ. ಲಯವೆಂದರೇನೆಂಬುದು ಕಣ್ಣಿಗೆ ಮಾತ್ರ ತಿಳಿದರೆ ಸಾಲದು, ಮೈಗೂ ತಿಳಿಯಬೇಕೆಂದು ಹೆಬ್ಬಾರರು ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಸಂಸಾರಸ್ಥನಾದ ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿ ತತ್ಕಾರದಿಂದ ಆರಂಭಿಸಿದ್ದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಆ ಅಭ್ಯಾಸ ವೇದಿಕೆಗಾಗಿ ಅಲ್ಲ. ಅದರ ಫಲ ಅವರ ರೇಖಾಚಿತ್ರಗಳಲ್ಲಿದೆ. ಕುಂಚವನ್ನು ಎತ್ತದೆ ಎಳೆದಂತೆ ತೋರುವ ಗೆರೆಯೊಂದು ನರ್ತಕಿಯ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಹರಿದು ನಿಲ್ಲುತ್ತದೆ; ಉಳಿದ ಮೈಯನ್ನು ಬಿಳಿಯ ಕಾಗದ ತುಂಬಿಕೊಳ್ಳುತ್ತದೆ. ಎಲ್ಲಿ ಮೂಳೆಯಿದೆ, ಎಲ್ಲಿ ಸ್ನಾಯು ಬಿಗಿದಿದೆ ಎಂಬುದು ವೈದ್ಯನ ಕಣ್ಣಿಗೂ ತಪ್ಪಿಲ್ಲದಂತೆ ಕಾಣುತ್ತದೆ. ಪ್ಲಾಸ್ಟರ್ ಪ್ರತಿಮೆಗಳ ಮುಂದೆ ಕಳೆದ ವರ್ಷಗಳು ಆ ಗೆರೆಯೊಳಗೆ ಅಡಗಿವೆ. 1964ರಲ್ಲಿ ಅವರ ರೇಖಾಚಿತ್ರಗಳ ಸಂಪುಟ ಪ್ರಕಟವಾದಾಗ ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥ ಹಾಡುವ ಗೆರೆ ಎಂದು.

ಮನ್ನಣೆಗಳು ಬಂದವು. 1956, 57, 58ರಲ್ಲಿ ಸತತವಾಗಿ ಮೂರು ಬಾರಿ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರ ಮಾರ್ಚ್‌ನಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ.

ಇಷ್ಟನ್ನು ನಾನು ಗೆಳೆಯರ ಮನೆಯಲ್ಲಿ, ಮುಂದಿನ ಶುಕ್ರವಾರ, ನೀರುದೋಸೆಯ ಮುಂದೆ ಕುಳಿತು ಹೇಳಿದೆ. ನನ್ನ ಮೊದಲಿನ ಮಾತನ್ನು ಹಿಂದೆಗೆದುಕೊಳ್ಳುತ್ತೇನೆಂದೂ ಹೇಳಿದೆ. ಅವರು ಕೇಳಿದ ಮರುಪ್ರಶ್ನೆ ನ್ಯಾಯವಾದುದೇ ಆಗಿತ್ತು: ಹೆಬ್ಬಾರರಂತೆ ಆಗುವವರು ಎಷ್ಟು ಮಂದಿ, ಉಳಿದವರು ಏನು ತಿನ್ನುತ್ತಾರೆ? ಅದಕ್ಕೆ ನನ್ನಲ್ಲಿ ಸಿಹಿಯಾದ ಉತ್ತರವಿರಲಿಲ್ಲ. ಹೆಬ್ಬಾರರಿಗೂ ಅಧ್ಯಾಪಕ ವೃತ್ತಿಯ ಆಸರೆ ಬೇಕಾಗಿತ್ತು. ಅವರ ಸಮಕಾಲೀನರಾದ ಎಂ.ಎಫ್. ಹುಸೇನರು ಮುಂಬಯಿಯಲ್ಲಿ ಸಿನಿಮಾ ಜಾಹೀರಾತು ಫಲಕಗಳಿಗೆ ಬಣ್ಣ ಬಳಿದು ಬದುಕಿದವರು. ಅವರ ಹೆಸರಿನ ವಸ್ತುಸಂಗ್ರಹಾಲಯ 2025ರ ನವೆಂಬರ್‌ನಲ್ಲಿ ಇದೇ ಎಜುಕೇಷನ್ ಸಿಟಿಯಲ್ಲಿ ತೆರೆಯಿತೆಂಬುದು ನಿಜವಾದರೂ, ಅದನ್ನು ನಂಬಿ ಸಾಲ ಮಾಡಬಾರದೆಂದೆ. ಆದರೆ ಮೊದಲ ವರ್ಷದ ಪ್ರಯೋಜನವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹದಿನೇಳರ ಹುಡುಗಿಗೆ ತಾನು ಚಿತ್ರಕಾರಳೋ ವಿನ್ಯಾಸಕಾರಳೋ ಎಂಬುದು ತಿಳಿದಿರುವುದಿಲ್ಲ. ಕವಲು ಆರಿಸುವ ಮುನ್ನ ಎಲ್ಲವನ್ನೂ ಮುಟ್ಟಿ ನೋಡುವ ಅವಕಾಶ ಆ ವರ್ಷದಲ್ಲಿದೆ, ಮತ್ತು ವಿನ್ಯಾಸದ ಕವಲುಗಳಲ್ಲಿ ಸಂಬಳದ ಕೆಲಸಗಳೂ ಇವೆ. ಇಲ್ಲಿನ ಶುಲ್ಕ ಭಾರವಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಇದ್ದೇ ಇವೆ. ಹೆಬ್ಬಾರರೂ ಮೈಸೂರಿನಿಂದಲೇ ಹೊರಟವರಲ್ಲವೆ?

ಉಡುಪಿಯಲ್ಲಿರುವ ಹುಡುಗಿಯ ದೊಡ್ಡಪ್ಪನವರು ವಿಡಿಯೊ ಕರೆಯಲ್ಲಿ ಇದನ್ನೆಲ್ಲ ಕೇಳುತ್ತಿದ್ದರು. ಕಟ್ಟಿಂಗೇರಿ ಅವರಿಗೆ ಬಸ್ಸಿನ ದಾರಿ; ಆ ಹೆಬ್ಬಾರರು ಅಲ್ಲಿಯವರೆಂಬುದು ಅಂದೇ ತಿಳಿಯಿತಂತೆ.

ಹುಡುಗಿ ಒಳಗಿನಿಂದ ತನ್ನ ಚಿತ್ರಗಳ ಕಟ್ಟನ್ನು ತಂದು ಮೇಜಿನ ಮೇಲೆ ಹರಡಿದಳು. ಫೋಟೊ ನೋಡಿ ಬರೆದ ನಟನಟಿಯರ ಮುಖಗಳು ಬಹಳ ನುಣುಪಾಗಿದ್ದವು. ಅಡಿಯಲ್ಲಿ, ತೋರಿಸಲು ಇಷ್ಟವಿಲ್ಲದೆ ಮುಚ್ಚಿಟ್ಟಂತೆ, ಅಜ್ಜಿ ಬಸಳೆ ಸೊಪ್ಪು ಬಿಡಿಸುತ್ತ ಕುಳಿತ ಒಂದು ಇದ್ದಿಲಿನ ಚಿತ್ರವಿತ್ತು. ಬೆರಳುಗಳ ಅಳತೆ ತಪ್ಪಿತ್ತು, ಮಣಿಕಟ್ಟು ಉಳುಕಿದಂತೆ ಕಾಣುತ್ತಿತ್ತು. ತಂದೆ ಆ ಹಾಳೆಯನ್ನೇ ಬಹಳ ಹೊತ್ತು ಹಿಡಿದುಕೊಂಡು ನೋಡಿದರು. ಅರ್ಜಿಯೊಂದಿಗೆ ಕಳುಹಿಸುವ ಚಿತ್ರಗಳಲ್ಲಿ ಅದೂ ಇರಲೆಂದು ಅವರೇ ಹೇಳಿದರು.

ಅರ್ಜಿ ಎರಡು ಕಡೆಗೆ ಹೋಗಿದೆ, ಇಲ್ಲಿಗೊಂದು, ಬೆಂಗಳೂರಿಗೊಂದು. ಉತ್ತರ ಇನ್ನೂ ಬಂದಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಣಿಪಾಲದ ಹಸ್ತಶಿಲ್ಪದಲ್ಲಿರುವ ಹೆಬ್ಬಾರರ ಗ್ಯಾಲರಿಯನ್ನು, ಬೆಂಗಳೂರಿನಲ್ಲಿ ಇಳಿದರೆ ವೆಂಕಟಪ್ಪ ಚಿತ್ರಶಾಲೆಯಲ್ಲಿರುವ ಅವರ ಚಿತ್ರಗಳನ್ನು ನೋಡಿ ಬರಬೇಕೆಂದು ಅವರು ನಿಶ್ಚಯಿಸಿದ್ದಾರೆ. ಹೋಗುವವರು ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು; ನಾನೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲು ನೋಡಿ ಮರಳಿದವನು.